ಆಂಫಿಕ್ಯಾರಿಯಾನ್ ಅಂದರೆ ಯಾವ ನ್ಯೂಕ್ಲಿಯಸ್? ಡಿಪ್ಲಾಯ್ಡ್ ಅಂತ ಖಾತ್ರಿ ಮಾಡ್ಕೊಳ್ಳೋದು ಹೇಗೆ?

ಕೋಶಕುತೂಹಲಿ
ಹಳೆಯ ಕೋಶವಿಜ್ಞಾನದ ಪಠ್ಯದಲ್ಲಿ ‘ಆಂಫಿಕ್ಯಾರಿಯಾನ್’ ಅನ್ನೋ ಪದ ಇದೆ. ಎರಡು ಹ್ಯಾಪ್ಲಾಯ್ಡ್ ಸೆಟ್ ಕ್ರೋಮೋಸೋಮ್ ಇರೋ ನ್ಯೂಕ್ಲಿಯಸ್ ಅಂತ ಒಂದೇ ಸಾಲು ಬರೆದು ಬಿಟ್ಟಿದ್ದಾರೆ. ಒಂದೇ ಸೆಟ್ ಇರೋದಕ್ಕೆ ‘ಹೆಮಿಕ್ಯಾರಿಯಾನ್’ ಅಂತೆ. ಹೊಸ ಪುಸ್ತಕಗಳಲ್ಲಿ ಎರಡೂ ಕಾಣಲ್ಲ. ಇದು ಸಿಂಕ್ಯಾರಿಯಾನ್‌ಗೆ ಇನ್ನೊಂದು ಹೆಸರಾ? ಅಣಬೆಯ ಡೈಕ್ಯಾರಿಯಾನ್ ಇದರಲ್ಲಿ ಸೇರುತ್ತಾ? ಮುಖ್ಯವಾಗಿ, ಎದುರಿಗಿರೋ ನ್ಯೂಕ್ಲಿಯಸ್ ಡಿಪ್ಲಾಯ್ಡ್ (ಎರಡು ಸೆಟ್ ಇರೋದು) ಹೌದೋ ಅಲ್ಲವೋ ಅಂತ ಪ್ರಯೋಗದಲ್ಲಿ ತೋರಿಸೋದು ಹೇಗೆ? ಗೊತ್ತಿರೋರು ವಿವರವಾಗಿ ಬರೀರಿ.

ಬೇರುತುದಿ
ಚಿಕ್ಕದಾಗಿ ಹೇಳ್ಬೇಕಂದ್ರೆ: ಆಂಫಿಕ್ಯಾರಿಯಾನ್ ಅಂದಾಗ ಒಳಗೆ ಏನಿದೆ ಅನ್ನೋದು ಮುಖ್ಯ, ಎರಡು ಸೆಟ್. ಸಿಂಕ್ಯಾರಿಯಾನ್ ಅಂದಾಗ ಅದು ಹೇಗೆ ಬಂತು ಅನ್ನೋದು ಮುಖ್ಯ, ಎರಡು ನ್ಯೂಕ್ಲಿಯಸ್ ಬೆಸೆದು ಒಂದಾಗಿದ್ದು. ಡೈಕ್ಯಾರಿಯಾನ್‌ನಲ್ಲಿ ಬೆಸುಗೆಯೇ ಆಗಿಲ್ಲ, ಹಾಗಾಗಿ ಅದು ಎರಡರಲ್ಲೂ ಸೇರಲ್ಲ.

ಹಳೆಯಪುಟ
ಹಿನ್ನೆಲೆ ಗೊತ್ತಾದ್ರೆ ಪದ ಯಾಕೆ ಬೇಕಾಯ್ತು ಅಂತ ತಿಳಿಯುತ್ತೆ. 1876ರಲ್ಲಿ ಆಸ್ಕರ್ ಹರ್ಟ್‌ವಿಗ್ ಕಡಲ ಮುಳ್ಳುಚೆಂಡಿನ ಅಂಡಾಣುವಿನಲ್ಲಿ, ವೀರ್ಯಾಣು ಮತ್ತು ಅಂಡಾಣುವಿನ ನ್ಯೂಕ್ಲಿಯಸ್‌ಗಳಾದ ಗಂಡು ಹೆಣ್ಣು ಪ್ರೊನ್ಯೂಕ್ಲಿಯಸ್‌ಗಳು ಒಂದಾಗೋದನ್ನ ನೋಡಿದರು. 1883ರಲ್ಲಿ ವಾನ್ ಬೆನೆಡನ್ ಕುದುರೆಯ ದುಂಡುಹುಳುವಿನಲ್ಲಿ ಎರಡೂ ಕಡೆಯಿಂದ ಸಮ ಸಂಖ್ಯೆಯ ಕ್ರೋಮೋಸೋಮ್ ಬರುತ್ತೆ ಅಂತ ತೋರಿಸಿದರು. ಆಮೇಲೆ ಥಿಯೋಡೋರ್ ಬೊವೇರಿ. ಮುಳ್ಳುಚೆಂಡಿನ ಅಂಡಾಣುವನ್ನ ಜೋರಾಗಿ ಕುಲುಕಿದ್ರೆ ಅದು ತುಂಡಾಗುತ್ತೆ, ಕೆಲವು ತುಂಡಿನಲ್ಲಿ ನ್ಯೂಕ್ಲಿಯಸ್ ಇರಲ್ಲ. ಅಂಥ ತುಂಡಿಗೂ ವೀರ್ಯಾಣು ಹೊಕ್ಕರೆ ಬೆಳವಣಿಗೆ ಶುರುವಾಗುತ್ತೆ, ಆದರೆ ಒಂದೇ ಸೆಟ್ ಇಟ್ಟುಕೊಂಡು. ಈ ಥರದ ಲಾರ್ವಾಗಳನ್ನ ಮಾಮೂಲಿ ಲಾರ್ವಾಗಳ ಪಕ್ಕ ಇಟ್ಟು ಹೋಲಿಸುವಾಗ ‘ಹೆಮಿ’ ಮತ್ತು ‘ಆಂಫಿ’ ಅನ್ನೋ ಜೋಡಿ ಉಪಯೋಗಕ್ಕೆ ಬಂತು. ‘ಹ್ಯಾಪ್ಲಾಯ್ಡ್’, ‘ಡಿಪ್ಲಾಯ್ಡ್’ ಅನ್ನೋ ಪದಗಳನ್ನ ಸ್ಟ್ರಾಸ್‌ಬರ್ಗರ್ ಕೊಟ್ಟಿದ್ದು 1905ರಲ್ಲಿ. ಅವು ಸಸ್ಯ, ಪ್ರಾಣಿ, ಶಿಲೀಂಧ್ರ ಎಲ್ಲಕ್ಕೂ ಹೊಂದಿಕೊಂಡವು, ಹಳೇ ಜೋಡಿ ಮೂಲೆಗೆ ಸರಿಯಿತು.

ಅಣಬೆಲೋಕ
ಡೈಕ್ಯಾರಿಯಾನ್ ಬಗ್ಗೆ ಬೇರುತುದಿ ಹೇಳಿದ್ದು ಸರಿ. ಬೆಸಿಡಿಯೋಮೈಸೀಟ್ (ಅಣಬೆ ಗುಂಪಿನ ಶಿಲೀಂಧ್ರ) ಹೈಫಾದ, ಅಂದ್ರೆ ಅದರ ಎಳೆಯ, ಒಂದೊಂದು ಕೋಶದಲ್ಲಿ ಎರಡು ಹ್ಯಾಪ್ಲಾಯ್ಡ್ ನ್ಯೂಕ್ಲಿಯಸ್ ಅಕ್ಕಪಕ್ಕ ಇರುತ್ತೆ. ಒಂದು ಸೆಟ್‌ಗೆ ಎನ್ ಅಂದ್ರೆ, ಇದನ್ನ ಎನ್ ಪ್ಲಸ್ ಎನ್ ಅಂತಾನೇ ಬರೀಬೇಕು, 2ಎನ್ ಅಂತ ಬರೆದ್ರೆ ತಪ್ಪು. ಬೆಸುಗೆ ಆಗೋದು ಬೀಜಕ ಹುಟ್ಟೋ ಕೋಶವಾದ ಬೆಸಿಡಿಯಮ್‌ನಲ್ಲಿ, ಅದರ ಬೆನ್ನಿಗೇ ಸೆಟ್ ಅರ್ಧವಾಗೋ ವಿಭಜನೆ, ಮಿಯಾಸಿಸ್. ಅಂದ್ರೆ ಇಡೀ ಜೀವನಚಕ್ರದಲ್ಲಿ ನಿಜವಾದ ಡಿಪ್ಲಾಯ್ಡ್ ನ್ಯೂಕ್ಲಿಯಸ್ ಇರೋದು ಆ ಒಂದು ಗಳಿಗೆ ಮಾತ್ರ.

ನೋಡೋದು ಕಷ್ಟ ಏನಿಲ್ಲ. ಸ್ಲೈಡಿನ ಮೇಲೆ ತೆಳುವಾಗಿ ಬೆಳೆಸಿದ ಹೈಫಾಕ್ಕೆ 1 ಮೈಕ್ರೋಗ್ರಾಂ ಪ್ರತಿ ಮಿಲಿಲೀಟರ್ ಡಾಪಿ (ಡಿಎನ್‌ಎಗೆ ಅಂಟಿ ಹೊಳೆಯೋ ಬಣ್ಣ), ಕತ್ತಲಲ್ಲಿ 10 ನಿಮಿಷ, ಜೊತೆಗೆ ಅಡ್ಡಗೋಡೆ ಕಾಣಿಸೋಕೆ ಕ್ಯಾಲ್ಕೋಫ್ಲೋರ್ ವೈಟ್. ಎರಡು ಗೋಡೆಗಳ ನಡುವೆ ಎಷ್ಟು ಚುಕ್ಕಿ ಇದೆ ಎಣಿಸಿ. ಗೋಡೆಯ ಪಕ್ಕ ಕ್ಲ್ಯಾಂಪ್ ಕೊಕ್ಕೆ ಇದ್ದರೆ ಡೈಕ್ಯಾರಿಯಾನ್ ಅನ್ನೋದಕ್ಕೆ ಬಲವಾದ ಸಾಕ್ಷಿ.

ಬೆಳಕುಕಿಂಡಿ
@ಅಣಬೆಲೋಕ ಡಾಪಿ, ಕ್ಯಾಲ್ಕೋಫ್ಲೋರ್ ಎರಡೂ ಅತಿನೇರಳೆಯಲ್ಲಿ ಉದ್ದೀಪನಗೊಂಡು ನೀಲಿ ಬೆಳಕನ್ನೇ ಕೊಡುತ್ತವೆ. ಒಂದೇ ಫಿಲ್ಟರ್‌ನಲ್ಲಿ ಎರಡೂ ಕಾಣುತ್ತೆ. ಕ್ಯಾಲ್ಕೋಫ್ಲೋರ್ ಸ್ವಲ್ಪ ಜಾಸ್ತಿ ಆದ್ರೂ ಹೈಫಾ ಪೂರ್ತಿ ಧಗಧಗ ಹೊಳೆದು ನ್ಯೂಕ್ಲಿಯಸ್ ಮುಳುಗಿಹೋಗುತ್ತೆ. ನ್ಯೂಕ್ಲಿಯಸ್‌ಗೆ ಸೈಟಾಕ್ಸ್ ಗ್ರೀನ್ ಥರದ ಹಸಿರು ಬಣ್ಣ ಬಳಸಿ, ಗೋಡೆ ನೀಲಿಯಲ್ಲಿ ಇರಲಿ. ಸೈಟಾಕ್ಸ್ ಜೀವಂತ ಕೋಶದೊಳಗೆ ಹೋಗಲ್ಲ, ಮೊದಲು ಫಿಕ್ಸ್ ಮಾಡಲೇಬೇಕು.

ಅಣಬೆಲೋಕ
ಚುಕ್ಕಿ ಯಾವುದು, ಗೆರೆ ಯಾವುದು ಅಂತ ಆಕಾರದಲ್ಲೇ ಗೊತ್ತಾಗುತ್ತೆ. ಕ್ಯಾಲ್ಕೋಫ್ಲೋರ್ ತೀರಾ ಕಡಿಮೆ ಹಾಕಿ ಒಮ್ಮೆ ತೊಳೆದ್ರೆ ಒಂದೇ ಫಿಲ್ಟರ್ ಸಾಕು. ಹಸಿರು ಬಣ್ಣ ಇದ್ದರೆ ಇನ್ನೂ ಒಳ್ಳೇದು, ಅದರಲ್ಲಿ ತಕರಾರಿಲ್ಲ. ಇನ್ನೊಂದು ಎಚ್ಚರಿಕೆ: ಅಗಾರಿಕಸ್ ಬೈಸ್ಪೋರಸ್ ತಗೊಂಡು ಈ ಪ್ರಯೋಗ ಮಾಡಬೇಡಿ. ಅದಕ್ಕೆ ಕ್ಲ್ಯಾಂಪ್ ಇಲ್ಲ, ಒಂದು ಕೋಶದಲ್ಲಿ ಹಲವಾರು ನ್ಯೂಕ್ಲಿಯಸ್ ಇರುತ್ತೆ. ಸ್ಕಿಜೋಫಿಲಮ್ ಕಮ್ಯೂನ್ ಅಥವಾ ಕಾಪ್ರಿನಾಪ್ಸಿಸ್ ಆದ್ರೆ ಅಚ್ಚುಕಟ್ಟು.

ಮೊಗ್ಗುಯೀಸ್ಟ್
ಯೀಸ್ಟ್‌ನಲ್ಲಿ ಎ ಮತ್ತು ಆಲ್ಫಾ ಅನ್ನೋ ಎರಡು ಬಗೆಯ ಕೋಶ ಸೇರಿದ ಮೇಲೆ ನ್ಯೂಕ್ಲಿಯಸ್‌ಗಳೂ ಬೇಗನೆ ಬೆಸೆಯುತ್ತವೆ. ಅದು ಸಿಂಕ್ಯಾರಿಯಾನ್ ಕೂಡ ಹೌದು, ಆಂಫಿಕ್ಯಾರಿಯಾನ್ ಕೂಡ ಹೌದು. ಕೆಎಆರ್1 ಮ್ಯುಟೆಂಟ್‌ನಲ್ಲಿ ಕೋಶ ಸೇರುತ್ತೆ, ನ್ಯೂಕ್ಲಿಯಸ್ ಬೆಸೆಯಲ್ಲ. ಇವೆರಡು ಬೇರೆ ಬೇರೆ ಹೆಜ್ಜೆ ಅನ್ನೋದಕ್ಕೆ ಇದಕ್ಕಿಂತ ನೇರ ಪುರಾವೆ ಬೇಕಿಲ್ಲ.

ಜೀನ್‌ಮುದ್ರೆ
ಬೇರುತುದಿ ಅವರ ಉತ್ತರದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಬೊವೇರಿ ಕಾಲದ ಬಳಕೆಯಲ್ಲಿ ‘ಆಂಫಿ’ ಅಂದ್ರೆ ಎರಡೂ ಕಡೆಯದು, ಒಂದು ಗಂಡಿನಿಂದ ಒಂದು ಹೆಣ್ಣಿನಿಂದ. ಬರೀ ಎರಡು ಸೆಟ್ ಇದ್ದ ಮಾತ್ರಕ್ಕೆ ಆ ಹೆಸರು ಕೊಡೋದು ನನಗೆ ಒಪ್ಪಿಗೆ ಇಲ್ಲ.

ಪೂರ್ಣ ಹೈಡಾಟಿಡಿಫಾರ್ಮ್ ಮೋಲ್ (ಭ್ರೂಣವಿಲ್ಲದೆ ಜರಾಯು ಅಂಗಾಂಶ ಮಾತ್ರ ಅಸಹಜವಾಗಿ ಬೆಳೆಯೋ ಗರ್ಭ) ನೋಡಿ. ಹೆಚ್ಚಿನವು 46 ಎಕ್ಸ್‌ಎಕ್ಸ್, ಎಣಿಸಿದ್ರೆ ಅಪ್ಪಟ ಡಿಪ್ಲಾಯ್ಡ್. ಆದರೆ ಎರಡೂ ಸೆಟ್ ತಂದೆಯದೇ. ಬಹುಪಾಲು ಪ್ರಕರಣಗಳಲ್ಲಿ ಒಂದೇ ವೀರ್ಯಾಣುವಿನ ಸೆಟ್ ದುಪ್ಪಟ್ಟಾಗಿರುತ್ತೆ, ಉಳಿದವುಗಳಲ್ಲಿ ಎರಡು ವೀರ್ಯಾಣು. ಕ್ಯಾರಿಯೋಟೈಪ್ ಮಾಡಿದ್ರೆ, ಅಂದ್ರೆ ಕ್ರೋಮೋಸೋಮ್ ಜೋಡಿಸಿ ನೋಡಿದ್ರೆ, ಗೊತ್ತೇ ಆಗಲ್ಲ. ಪ್ಯಾಥಾಲಜಿಯಲ್ಲಿ ಪಿ57 ಪ್ರೋಟೀನ್ ಇದೆಯಾ ಅಂತ ಬಣ್ಣದಿಂದ ತೋರಿಸೋ ಇಮ್ಯುನೋಸ್ಟೇನ್ ಮಾಡ್ತಾರೆ. ಆ ಜೀನ್ ಕೆಲಸ ಮಾಡೋದು ತಾಯಿಯ ಪ್ರತಿಯಿಂದ, ಹಾಗಾಗಿ ಪೂರ್ಣ ಮೋಲ್‌ನ ಜರಾಯು ಕಡೆಯ ಸೈಟೋಟ್ರೋಫೋಬ್ಲಾಸ್ಟ್ ಮತ್ತು ವಿಲಸ್ ಸ್ಟ್ರೋಮಾ ನ್ಯೂಕ್ಲಿಯಸ್‌ಗಳಲ್ಲಿ ಬಣ್ಣ ಬರಲ್ಲ. ತಾಯಿಯ ಡೆಸಿಡುವಾದಲ್ಲಿ (ಗರ್ಭಕೋಶದ ಒಳಪದರ) ಬರುತ್ತೆ, ಅದೇ ಒಳಗಿನ ಕಂಟ್ರೋಲ್. ಅಲ್ಲೂ ಬಣ್ಣ ಬಂದಿಲ್ಲ ಅಂದ್ರೆ ಸ್ಟೇನೇ ಕೆಟ್ಟಿದೆ, ವರದಿ ಬರೀಬಾರದು.

1984ರಲ್ಲಿ ಇಲಿ ಭ್ರೂಣದಲ್ಲಿ ಮೆಕ್‌ಗ್ರಾತ್ ಮತ್ತು ಸೋಲ್ಟರ್, ಪ್ರತ್ಯೇಕವಾಗಿ ಸುರಾನಿ ತಂಡ ತೋರಿಸಿದ್ದೂ ಇದನ್ನೇ. ಎರಡು ಗಂಡು ಪ್ರೊನ್ಯೂಕ್ಲಿಯಸ್ ಇಟ್ಟರೂ ಎರಡು ಹೆಣ್ಣು ಪ್ರೊನ್ಯೂಕ್ಲಿಯಸ್ ಇಟ್ಟರೂ ಡಿಪ್ಲಾಯ್ಡ್ ಆಗುತ್ತೆ, ಮರಿ ಮಾತ್ರ ಹುಟ್ಟಲ್ಲ.

ಬೇರುತುದಿ
ಆ ನಿಯಮ ಸಸ್ಯಕ್ಕೆ ತಂದ್ರೆ ತೊಡಕು. ಪರಾಗಕೋಶ ಸಂವರ್ಧನೆಯಿಂದ ಬಂದ ಹ್ಯಾಪ್ಲಾಯ್ಡ್ ಗಿಡಕ್ಕೆ ಕೋಲ್ಚಿಸಿನ್ ಕೊಟ್ಟು ಡಬಲ್ಡ್ ಹ್ಯಾಪ್ಲಾಯ್ಡ್ ಮಾಡ್ತಾರೆ. ಎರಡೂ ಸೆಟ್ ಒಂದೇ, ಅಕ್ಷರಶಃ ಒಂದೇ. ಗಿಡ ಆರೋಗ್ಯವಾಗಿ ಬೆಳೆದು ಬೀಜ ಕೊಡುತ್ತೆ. ಇದಕ್ಕೆ ಆಂಫಿಕ್ಯಾರಿಯಾನ್ ಅಲ್ಲ ಅನ್ನೋಕೆ ಆಗುತ್ತಾ? ನಿಘಂಟುಗಳ ಅರ್ಥ ಎರಡು ಹ್ಯಾಪ್ಲಾಯ್ಡ್ ಸೆಟ್ ಅಂತಷ್ಟೇ, ಮೂಲದ ಮಾತೇ ಇಲ್ಲ.

ಸಿಲಿಯಾ
ಏಕಕೋಶ ಜೀವಿ ಪ್ಯಾರಮೀಸಿಯಮ್ ಇಬ್ಬರಿಗೂ ಉತ್ತರ ಕೊಡುತ್ತೆ. ಕಾಂಜುಗೇಶನ್‌ನಲ್ಲಿ (ಎರಡು ಕೋಶ ಜೋಡಿಯಾದಾಗ) ಅದರ ಚಿಕ್ಕ ನ್ಯೂಕ್ಲಿಯಸ್, ಮೈಕ್ರೋನ್ಯೂಕ್ಲಿಯಸ್, ಮಿಯಾಸಿಸ್ ಆಗಿ, ಉಳಿದ ಒಂದು ಹ್ಯಾಪ್ಲಾಯ್ಡ್ ನ್ಯೂಕ್ಲಿಯಸ್ ಮೈಟಾಸಿಸ್‌ನಿಂದ ಎರಡಾಗುತ್ತೆ. ಒಂದು ಪಕ್ಕದ ಕೋಶಕ್ಕೆ ಹೋಗುತ್ತೆ, ಇನ್ನೊಂದು ಅಲ್ಲೇ ಉಳಿಯುತ್ತೆ. ಬಂದದ್ದು, ಇದ್ದದ್ದು ಬೆಸೆದು ಸಿಂಕ್ಯಾರಿಯಾನ್. ಆದರೆ ಆಟೋಗಮಿಯಲ್ಲಿ ಜೊತೆಗಾರನೇ ಇಲ್ಲ, ಆ ಎರಡೂ ಒಂದೇ ಕೋಶದಲ್ಲಿ ಪರಸ್ಪರ ಬೆಸೆಯುತ್ತವೆ. ಫಲ ಪೂರ್ತಿ ಹೋಮೋಜೈಗಸ್ ಡಿಪ್ಲಾಯ್ಡ್. ಸಿಂಕ್ಯಾರಿಯಾನ್ ಹೌದು, ಎರಡು ಸೆಟ್ ಹೌದು, ಎರಡು ಪೋಷಕರು ಇಲ್ಲ.

ಹಳೆಯಪುಟ
ಹೂಬಿಡುವ ಸಸ್ಯಗಳ ಭ್ರೂಣಕೋಶದಲ್ಲೂ ಹೀಗೇ. ಪಾಲಿಗೋನಮ್ ಅನ್ನೋ ಸಾಮಾನ್ಯ ಮಾದರಿಯಲ್ಲಿ ಎರಡು ಧ್ರುವೀಯ ನ್ಯೂಕ್ಲಿಯಸ್ ಬೆಸೆದರೆ 2ಎನ್. ಎರಡೂ ಒಂದೇ ಮೆಗಾಸ್ಪೋರ್‌ನಿಂದ ಬಂದವು, ತದ್ರೂಪಿಗಳು. ಗಂಡು ನ್ಯೂಕ್ಲಿಯಸ್ ಸೇರಿದ ಮೇಲೆ 3ಎನ್ ಭ್ರೂಣಾಹಾರ. ಹಾಗಾಗಿ ಹಳೇ ಲೇಖನ ಓದುವಾಗ ಲೇಖಕರು ಮೂಲ ಹೇಳ್ತಿದ್ದಾರಾ ಸಂಖ್ಯೆ ಹೇಳ್ತಿದ್ದಾರಾ ಅಂತ ಸಂದರ್ಭ ನೋಡಿ ನಿರ್ಧರಿಸಿ. ಹೊಸದಾಗಿ ಬರೆಯೋರು ‘ಡಿಪ್ಲಾಯ್ಡ್’ ಅಂತ ಬರೆದು ಮೂಲವನ್ನ ಬೇರೆ ವಾಕ್ಯದಲ್ಲಿ ಹೇಳಲಿ.

ಭ್ರೂಣದರ್ಶಿ
ಸಸ್ತನಿಗಳ ವಿಷಯದಲ್ಲಿ ಪಠ್ಯಪುಸ್ತಕಗಳು ಇವತ್ತಿಗೂ ತಪ್ಪು ಚಿತ್ರ ಹಾಕ್ತಿವೆ, ಅದನ್ನ ಸರಿಪಡಿಸಲೇಬೇಕು. ಮುಳ್ಳುಚೆಂಡಿನಲ್ಲಿ ಪ್ರೊನ್ಯೂಕ್ಲಿಯಸ್‌ಗಳ ಪೊರೆ ಬೆಸೆದು ಒಂದೇ ನ್ಯೂಕ್ಲಿಯಸ್ ಆಗೋದು ನಿಜ. ಮನುಷ್ಯ, ಇಲಿ, ಹಸುವಿನಲ್ಲಿ ಹಾಗಾಗಲ್ಲ. ಎರಡು ಪ್ರೊನ್ಯೂಕ್ಲಿಯಸ್ ಹತ್ತಿರ ಬಂದು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಪ್ರತ್ಯೇಕವಾಗೇ ಡಿಎನ್‌ಎ ನಕಲು ಮಾಡ್ಕೊಳ್ಳುತ್ತವೆ, ಆಮೇಲೆ ಪೊರೆಗಳು ಕರಗಿ ಕ್ರೋಮೋಸೋಮ್‌ಗಳು ಸ್ಪಿಂಡಲ್ (ಅವನ್ನ ಎಳೆದು ಬೇರ್ಪಡಿಸೋ ನೂಲುಗಳು) ಮೇಲೆ ಸೇರುತ್ತವೆ. ಇಲಿಯಲ್ಲಂತೂ ಮೊದಲಿಗೆ ತಾಯಿಯದಕ್ಕೊಂದು ತಂದೆಯದಕ್ಕೊಂದು ಸ್ಪಿಂಡಲ್ ಕಟ್ಟಿಕೊಳ್ಳುತ್ತೆ ಅಂತ 2018ರಲ್ಲಿ ಗೊತ್ತಾಯ್ತು. ಅಂದ್ರೆ ಒಂದೇ ಪೊರೆಯೊಳಗೆ ಎರಡೂ ಸೆಟ್ ಇರೋ ನ್ಯೂಕ್ಲಿಯಸ್ ಮೊದಲ ಬಾರಿಗೆ ಕಾಣೋದು ಎರಡು ಕೋಶದ ಹಂತದಲ್ಲಿ. ಯುಗ್ಮಜ ಡಿಪ್ಲಾಯ್ಡ್ ಕೋಶ, ಆದರೆ ಅದರಲ್ಲಿ ಡಿಪ್ಲಾಯ್ಡ್ ನ್ಯೂಕ್ಲಿಯಸ್ ಇಲ್ಲ!

ಐವಿಎಫ್ ಲ್ಯಾಬ್‌ಗಳಲ್ಲಿ ಫಲೀಕರಣ ಪರೀಕ್ಷೆ ಮಾಡೋ ಸಮಯ ವೀರ್ಯಾಣು ಸೇರಿಸಿ 16ರಿಂದ 18 ಗಂಟೆ ಆದ ಮೇಲೆ ಅಂತ ಗೊತ್ತುಮಾಡಿರೋದು ಇದಕ್ಕೇ. ತಡವಾದ್ರೆ ಪ್ರೊನ್ಯೂಕ್ಲಿಯಸ್ ಮಾಯವಾಗಿರುತ್ತೆ, ಎಣಿಸೋಕೆ ಏನೂ ಉಳಿದಿರಲ್ಲ. ಎರಡು ಪ್ರೊನ್ಯೂಕ್ಲಿಯಸ್, ಎರಡು ಪೋಲಾರ್ ಬಾಡಿ ಇದ್ದರೆ ಸರಿ. ಮೂರು ಪ್ರೊನ್ಯೂಕ್ಲಿಯಸ್ ಇದ್ದರೆ ಸಾಮಾನ್ಯವಾಗಿ ಟ್ರಿಪ್ಲಾಯ್ಡ್ (ಮೂರು ಸೆಟ್). ಒಂದೇ ಇದ್ದಾಗ ಎಚ್ಚರ: ಅದು ಹ್ಯಾಪ್ಲಾಯ್ಡ್ ಇರಬಹುದು, ಎರಡೂ ಸೆಟ್ ಒಂದೇ ಪೊರೆಯಲ್ಲಿ ಸೇರಿದ ಡಿಪ್ಲಾಯ್ಡ್ ಕೂಡ ಇರಬಹುದು. ಕಣ್ಣಳತೆಯಲ್ಲಿ ಹೇಳೋಕಾಗಲ್ಲ.

ಕೋಶಕುತೂಹಲಿ
ಇದು ಗೊತ್ತಿರಲಿಲ್ಲ, ತುಂಬಾ ಉಪಯೋಗ ಆಯ್ತು. ಈಗ ಪ್ರಯೋಗಕ್ಕೆ ಬನ್ನಿ. ಕೈಲಿ ಸಾಮಾನ್ಯ ಮೈಕ್ರೋಸ್ಕೋಪ್ ಮಾತ್ರ ಇದ್ದರೆ?

ಬೇರುತುದಿ
ಈರುಳ್ಳಿ ಬೇರಿನ ಸ್ಕ್ವಾಷ್, ಅಂದ್ರೆ ಬೇರನ್ನ ಸ್ಲೈಡಿನ ಮೇಲೆ ಒತ್ತಿ ಹರಡೋದು. 2ಎನ್ ಅಂದ್ರೆ 16, ಕ್ರೋಮೋಸೋಮ್ ದಪ್ಪ, ಕಲಿಯೋಕೆ ಇದೇ ಸರಿ.

ಗಡ್ಡೆಯ ಬುಡ ನೀರಿಗೆ ತಾಗುವಂತೆ ಇಟ್ಟರೆ ಎರಡು ಮೂರು ದಿನದಲ್ಲಿ ಬೇರು ಬರುತ್ತೆ. ಉದ್ದ 1.5ರಿಂದ 2 ಸೆಂಟಿಮೀಟರ್ ಇದ್ದಾಗ ತುದಿಯ 1 ಸೆಂಟಿಮೀಟರ್ ಕತ್ತರಿಸಿ. ವಿಭಜನೆಯನ್ನ ನಡುವೆ ನಿಲ್ಲಿಸೋಕೆ ಶೇ 0.05 ಕೋಲ್ಚಿಸಿನ್‌ನಲ್ಲಿ 3 ಗಂಟೆ ಇಡಿ. ಅದು ವಿಷ, ಕೈಗವಸು ಕಡ್ಡಾಯ, ಮಿಕ್ಕ ದ್ರಾವಣ ಸಿಂಕಿಗೆ ಸುರಿಯೋ ಹಾಗಿಲ್ಲ. ಬೇಡ ಅನಿಸಿದ್ರೆ 0.002 ಮೋಲಾರ್ 8-ಹೈಡ್ರಾಕ್ಸಿಕ್ವಿನೋಲಿನ್, 18 ಡಿಗ್ರಿ ಆಸುಪಾಸಿನಲ್ಲಿ 3ರಿಂದ 4 ಗಂಟೆ. ಆಮೇಲೆ ಮೂರು ಭಾಗ ಇಥನಾಲ್, ಒಂದು ಭಾಗ ಗ್ಲೇಶಿಯಲ್ ಅಸಿಟಿಕ್ ಆಸಿಡ್ ಬೆರೆಸಿದ ಫಿಕ್ಸೆಟಿವ್‌ನಲ್ಲಿ ಒಂದು ದಿನ. ಫಿಕ್ಸೆಟಿವ್ ಆಗಿಂದಾಗ್ಗೆ ಕಲಸಿ, ಹಳೇದು ಬೇಡ. ಕೂಡಲೇ ನೋಡಲ್ಲ ಅಂದ್ರೆ ಶೇ 70 ಇಥನಾಲ್‌ಗೆ ಹಾಕಿ ಫ್ರಿಜ್‌ನಲ್ಲಿಡಿ.

ನೋಡುವಾಗ ನೀರಲ್ಲಿ ತೊಳೆದು 1 ನಾರ್ಮಲ್ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ 60 ಡಿಗ್ರಿಯಲ್ಲಿ 8 ನಿಮಿಷ. ಮತ್ತೆ ತೊಳೆದು ಶೇ 2 ಅಸಿಟೋ-ಆರ್ಸೀನ್‌ನಲ್ಲಿ ಅರ್ಧ ಗಂಟೆ. ಸ್ಲೈಡಿನ ಮೇಲೆ ತುದಿಯ 1ರಿಂದ 2 ಮಿಲಿಮೀಟರ್ ಮಾತ್ರ ಉಳಿಸಿ, ಉಳಿದದ್ದು ತೆಗೆದುಬಿಡಿ. ವಿಭಜನೆ ಆಗೋ ಕೋಶ ಇರೋದು ಅಲ್ಲಷ್ಟೇ. ಶೇ 45 ಅಸಿಟಿಕ್ ಆಸಿಡ್ ಒಂದು ಹನಿ, ಕವರ್‌ಸ್ಲಿಪ್, ಮೇಲೆ ಬ್ಲಾಟಿಂಗ್ ಪೇಪರ್. ಪೆನ್ಸಿಲ್‌ನ ಹಿಂಬದಿಯಿಂದ ಮೆಲ್ಲಗೆ ತಟ್ಟಿ, ಕೊನೆಗೆ ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತಿ. ಕವರ್‌ಸ್ಲಿಪ್ ಒಂದು ಕೂದಲೆಳೆಯಷ್ಟು ಅಡ್ಡ ಸರಿದರೂ ಕೋಶಗಳು ಸುರುಳಿ ಸುತ್ತಿಕೊಂಡು ಉದ್ದ ಕಡ್ಡಿಗಳಾಗುತ್ತವೆ, ಆ ಸ್ಲೈಡ್ ಮುಗೀತು.

ಕೋಶ ಗುಂಪುಗುಂಪಾಗೇ ಉಳಿದರೆ ಆಸಿಡ್ ಸಾಲಲಿಲ್ಲ ಅಂತ. ಬೇರು ಮುಟ್ಟಿದ್ರೆ ಕರಗಿಹೋಗೋ ಹಾಗಿದ್ದು ಬಣ್ಣ ಮಂಕಾಗಿದ್ರೆ ಆಸಿಡ್ ಜಾಸ್ತಿ ಆಯ್ತು.

ಕೋಶಕುತೂಹಲಿ
ಒಂದೇ ಸ್ಲೈಡಿನಲ್ಲಿ ಕೆಲವು ಕೋಶಕ್ಕೆ 15, ಇನ್ಯಾವುದೋ ಒಂದಕ್ಕೆ 32 ಬಂದರೆ ಯಾವುದನ್ನ ನಂಬೋದು?

ಬೇರುತುದಿ
15 ಬಂದ್ರೆ ಮೊದಲು ಒಂದರ ಮೇಲೊಂದು ಬಿದ್ದಿದೆಯಾ ನೋಡಿ, ಫೋಕಸ್ ಮೇಲೆ ಕೆಳಗೆ ಮಾಡಿ. ಇಲ್ಲದಿದ್ರೆ ಒತ್ತುವಾಗ ಕೋಶ ಒಡೆದು ಒಂದು ಆಚೆ ಹೋಗಿದೆ. ಅಂಚು ಪೂರ್ತಿ ಇರೋ ಕೋಶ ಮಾತ್ರ ಎಣಿಸಿ, ಕಡಿಮೆ ಅಂದ್ರೂ 10. 32 ಬರೋದು ಕೋಲ್ಚಿಸಿನ್‌ನಲ್ಲಿ ಬಹಳ ಹೊತ್ತು ಬಿಟ್ಟಾಗ: ಸ್ಪಿಂಡಲ್ ಇಲ್ಲದೆ ಕ್ರೋಮೋಸೋಮ್‌ನ ಎರಡು ನಕಲು ಭಾಗಗಳಾದ ಕ್ರೋಮ್ಯಾಟಿಡ್‌ಗಳು ಬೇರೆಯಾಗಿ, ಅದೇ ನ್ಯೂಕ್ಲಿಯಸ್‌ನಲ್ಲಿ ಉಳಿದು, ಮುಂದಿನ ಸುತ್ತಿಗೆ ಟೆಟ್ರಾಪ್ಲಾಯ್ಡ್ (ನಾಲ್ಕು ಸೆಟ್) ಆಗಿ ಕಾಣಿಸಿಕೊಂಡಿದೆ. ಅದು ಗಿಡದ ಗುಣ ಅಲ್ಲ, ನಮ್ಮ ಔಷಧದ್ದು.

ಶಿಖರರೇಖೆ
ಫ್ಲೋ ಸೈಟೋಮೀಟರ್ (ಒಂದೊಂದು ನ್ಯೂಕ್ಲಿಯಸ್‌ನ ಹೊಳಪಿನಿಂದ ಡಿಎನ್‌ಎ ಅಳೆಯೋ ಯಂತ್ರ) ಸಿಕ್ಕೋರಿಗೆ. ಎಳೆ ಎಲೆ ಸುಮಾರು 50 ಮಿಲಿಗ್ರಾಂ, ಅಷ್ಟೇ ಸ್ಟ್ಯಾಂಡರ್ಡ್ ಗಿಡದ (ಡಿಎನ್‌ಎ ಪ್ರಮಾಣ ಮೊದಲೇ ಗೊತ್ತಿರೋದು) ಎಲೆ, ಎರಡನ್ನೂ ಒಂದೇ ಪೆಟ್ರಿ ತಟ್ಟೆಯಲ್ಲಿ ಹಾಕಿ 1 ಮಿಲಿಲೀಟರ್ ತಣ್ಣನೆಯ ಗಾಲ್‌ಬ್ರೇತ್ ಬಫರ್‌ನಲ್ಲಿ ಹೊಸ ಬ್ಲೇಡಿನಿಂದ ಸಣ್ಣಗೆ ಕೊಚ್ಚಿ. ಬಫರ್: 45 ಮಿಲಿಮೋಲಾರ್ ಮೆಗ್ನೀಷಿಯಂ ಕ್ಲೋರೈಡ್, 30 ಮಿಲಿಮೋಲಾರ್ ಸೋಡಿಯಂ ಸಿಟ್ರೇಟ್, 20 ಮಿಲಿಮೋಲಾರ್ ಮಾಪ್ಸ್, ಶೇ 0.1 ಟ್ರೈಟಾನ್ ಎಕ್ಸ್-100, ಪಿಎಚ್ 7. ಬ್ಲೇಡ್ ಮೊಂಡಾದ್ರೆ ನ್ಯೂಕ್ಲಿಯಸ್ ಜಜ್ಜಿಹೋಗಿ ಯಂತ್ರ ಕೊಡೋ ನಕ್ಷೆಯಲ್ಲಿ ಶಿಖರದ ಬುಡದಲ್ಲಿ ಕಸ ತುಂಬುತ್ತೆ. 42 ಮೈಕ್ರೋಮೀಟರ್ ನೈಲಾನ್ ಜಾಲರಿಯಲ್ಲಿ ಸೋಸಿ, ಪ್ರೊಪೀಡಿಯಂ ಅಯೊಡೈಡ್ ಮತ್ತು ಆರ್‌ಎನ್‌ಏಸ್ ತಲಾ 50 ಮೈಕ್ರೋಗ್ರಾಂ ಪ್ರತಿ ಮಿಲಿಲೀಟರ್. ಪ್ರೊಪೀಡಿಯಂ ಎರಡೆಳೆ ಆರ್‌ಎನ್‌ಎಗೂ ಅಂಟಿಕೊಳ್ಳುತ್ತೆ, ಆರ್‌ಎನ್‌ಏಸ್ ಬಿಟ್ಟರೆ ಶಿಖರ ಅಗಲವಾಗುತ್ತೆ. 5,000 ನ್ಯೂಕ್ಲಿಯಸ್ ಓದಿಸಿ, ಶಿಖರದ ಸಿವಿ (ಅದು ಎಷ್ಟು ಹರಡಿದೆ ಅನ್ನೋ ಅಳತೆ) ಶೇ 5ರ ಒಳಗಿರಲಿ.

ಸ್ಟ್ಯಾಂಡರ್ಡ್ ಆಗಿ ಬಟಾಣಿಯ ಸಿಟಿರಾಡ್ ತಳಿ ಇದ್ದರೆ 2ಸಿ (ನಕಲು ಶುರುವಾಗದ ಡಿಪ್ಲಾಯ್ಡ್ ನ್ಯೂಕ್ಲಿಯಸ್‌ನ ಡಿಎನ್‌ಎ ಪ್ರಮಾಣ) ಅಂದ್ರೆ 9.09 ಪಿಕೋಗ್ರಾಂ. ಬಟಾಣಿ ಶಿಖರ 200ನೇ ಚಾನೆಲ್‌ನಲ್ಲಿ, ನಿಮ್ಮ ಗಿಡದ್ದು 110ರಲ್ಲಿ ಬಿದ್ದರೆ 110 ಭಾಗಿಸು 200 ಗುಣಿಸು 9.09, ಅಂದ್ರೆ 5.0 ಪಿಕೋಗ್ರಾಂ. ಒಂದು ಪಿಕೋಗ್ರಾಂಗೆ 97.8 ಕೋಟಿ ಬೇಸ್ ಜೋಡಿ, ಹಾಗಾಗಿ 489 ಕೋಟಿ. ಡಾಪಿ ಬಳಸಿ ಈ ಲೆಕ್ಕ ಹಾಕಬೇಡಿ, ಅದು ಎಟಿ ಜಾಸ್ತಿ ಇರೋ ಕಡೆ ಹೆಚ್ಚು ಕೂರುತ್ತೆ. ಒಂದೇ ಜಾತಿಯೊಳಗೆ ಹೋಲಿಸೋಕಾದ್ರೆ ಡಾಪಿ ಚೆನ್ನಾಗೇ ಇದೆ.

ಮೊಗ್ಗುಯೀಸ್ಟ್
ಇಲ್ಲೇ ಎಲ್ಲರೂ ಎಡವೋದು. 2ಸಿ ಅಂದ್ರೆ ಡಿಎನ್‌ಎ ಪ್ರಮಾಣ, 2ಎನ್ ಅಂದ್ರೆ ಸೆಟ್‌ಗಳ ಸಂಖ್ಯೆ. ಡಿಎನ್‌ಎ ನಕಲಾದ ಹ್ಯಾಪ್ಲಾಯ್ಡ್ ಯೀಸ್ಟ್ ಕೋಶದಲ್ಲೂ 2ಸಿ, ನಕಲು ಶುರುವಾಗದ ಡಿಪ್ಲಾಯ್ಡ್‌ನಲ್ಲೂ 2ಸಿ. ಒಂದೇ ಶಿಖರ ನೋಡಿ ತೀರ್ಮಾನ ಮಾಡೋಕೆ ಬರಲ್ಲ. ಬೆಳೀತಿರೋ ಸಂವರ್ಧನೆ ತಗೊಂಡ್ರೆ ಹ್ಯಾಪ್ಲಾಯ್ಡ್‌ಗೆ 1ಸಿ, 2ಸಿ ಜೋಡಿ, ಡಿಪ್ಲಾಯ್ಡ್‌ಗೆ 2ಸಿ, 4ಸಿ ಜೋಡಿ ಬರುತ್ತೆ. ಗೊತ್ತಿರೋ ಹ್ಯಾಪ್ಲಾಯ್ಡನ್ನ ಅದೇ ದಿನ, ಅದೇ ವೋಲ್ಟೇಜ್‌ನಲ್ಲಿ ಓಡಿಸಿ. ಶೇ 70 ಇಥನಾಲ್‌ನಲ್ಲಿ ಫಿಕ್ಸ್ ಮಾಡಿದ ಮೇಲೆ ಆರ್‌ಎನ್‌ಏಸ್, ಪ್ರೋಟಿಯೇಸ್ ಕೊಟ್ಟು, ಓದಿಸೋ ಮುಂಚೆ ಸ್ವಲ್ಪ ಹೊತ್ತು ಸೋನಿಕೇಟ್ ಮಾಡಿ. ಎರಡು ಕೋಶ ಅಂಟಿಕೊಂಡಿದ್ರೆ ಯಂತ್ರ ಅದನ್ನ ಒಂದು ದೊಡ್ಡ ಕೋಶ ಅಂತಲೇ ಓದುತ್ತೆ.

ಸ್ಪೋರ್ ಆಗುತ್ತಾ ನೋಡೋದು ಇನ್ನೊಂದು ದಾರಿ. ಶೇ 1 ಪೊಟ್ಯಾಸಿಯಂ ಅಸಿಟೇಟ್‌ನಲ್ಲಿ 3ರಿಂದ 5 ದಿನ ಬಿಟ್ಟು ನಾಲ್ಕು ಸ್ಪೋರ್‌ನ ಚೀಲ ಹುಡುಕಿ. ಆದರೆ ಎ-ಎ ಡಿಪ್ಲಾಯ್ಡ್ ಸ್ಪೋರ್ ಕೊಡಲ್ಲ, ಅದಕ್ಕೆ ಎ ಮತ್ತು ಆಲ್ಫಾ ಎರಡೂ ಬೇಕು. ಸ್ಪೋರ್ ಬಂದಿಲ್ಲ ಅಂದ ಮಾತ್ರಕ್ಕೆ ಹ್ಯಾಪ್ಲಾಯ್ಡ್ ಅನ್ನಬೇಡಿ.

ಶಿಖರರೇಖೆ
ಸೇರಿಸಲೇಬೇಕಾದ ಮಾತು: ಅರಾಬಿಡಾಪ್ಸಿಸ್‌ನ ಬಲಿತ ಎಲೆಯಲ್ಲಿ 2ಸಿ, 4ಸಿ, 8ಸಿ, 16ಸಿ ಸಾಲಾಗಿ ಬರುತ್ತೆ. ಗಿಡ ಡಿಪ್ಲಾಯ್ಡೇ, 2ಎನ್ ಅಂದ್ರೆ 10. ವಿಭಜನೆ ಇಲ್ಲದೆ ಡಿಎನ್‌ಎ ಮತ್ತೆ ಮತ್ತೆ ನಕಲಾಗಿದೆ ಅಷ್ಟೇ. ಎಳೆ ಎಲೆ ತಗೊಳ್ಳಿ ಅಂದಿದ್ದು ಇದಕ್ಕೇ.

ಕಣಜ
ನ್ಯೂಕ್ಲಿಯಸ್‌ನ ಅಳತೆ ನೋಡಿ ಹೇಳೋಕಾಗಲ್ವಾ? ದೊಡ್ಡದಿದ್ರೆ ಡಿಪ್ಲಾಯ್ಡ್ ಅಂತ?

ಹಳೆಯಪುಟ
ಬೊವೇರಿ ಮುಳ್ಳುಚೆಂಡಿನ ಲಾರ್ವಾದಲ್ಲಿ ಕಂಡಿದ್ದು ನ್ಯೂಕ್ಲಿಯಸ್‌ನ ಹೊರಮೈ ವಿಸ್ತೀರ್ಣ ಕ್ರೋಮೋಸೋಮ್ ಸಂಖ್ಯೆಗೆ ತಕ್ಕ ಹಾಗೆ ಬೆಳೆಯುತ್ತೆ ಅಂತ. ಸೆಟ್ ಎರಡರಷ್ಟಾದ್ರೆ ವ್ಯಾಸ 1.41 ಪಟ್ಟು. ಘನಗಾತ್ರ ಎರಡರಷ್ಟು ಅಂತ ಹಿಡಿದ್ರೆ ವ್ಯಾಸ ಬರೀ 1.26 ಪಟ್ಟು. ಅದೇ ಅಂಗಾಂಶ, ಅದೇ ಹಂತ, ಅದೇ ಫಿಕ್ಸೆಟಿವ್ ಇದ್ದು ನೂರಾರು ನ್ಯೂಕ್ಲಿಯಸ್‌ಗಳ ಸರಾಸರಿ ತೆಗೆದ್ರೆ ಮಾತ್ರ ಆ ವ್ಯತ್ಯಾಸ ಕಾಣುತ್ತೆ. ಒಂಟಿ ನ್ಯೂಕ್ಲಿಯಸ್ ನೋಡಿ ಹೇಳೋದು ಬರೀ ಊಹೆ. ಕೋಶಚಕ್ರದಲ್ಲಿ ಮುಂದೆ ಹೋದ ಹಾಗೆ ಅದು ಹೇಗೂ ಉಬ್ಬುತ್ತೆ.

ಬೆಳಕುಕಿಂಡಿ
ಸೆಕ್ಷನ್ ಮೇಲಂತೂ ಅಳೆಯಲೇಬೇಡಿ. 5 ಮೈಕ್ರೋಮೀಟರ್ ಸೆಕ್ಷನ್‌ನಲ್ಲಿ 8 ಮೈಕ್ರೋಮೀಟರ್ ನ್ಯೂಕ್ಲಿಯಸ್ ಪೂರ್ತಿ ಇರೋಕೇ ಸಾಧ್ಯವಿಲ್ಲ, ಎಲ್ಲವೂ ಕತ್ತರಿಸಿದ ಹೋಳುಗಳೇ. ಫ್ಯೂಲ್ಗನ್ ಬಣ್ಣ ಹಾಕಿ ಡಿಎನ್‌ಎ ಅಳೆಯೋರಿಗೂ ಇದೇ ಮಾತು. ಸ್ಕ್ವಾಷ್ ಅಥವಾ ಅಚ್ಚೊತ್ತಿದ ಸ್ಲೈಡ್ ಬಳಸಿ. ಬೋಯಿನ್ ಫಿಕ್ಸೆಟಿವ್ ಬೇಡ, ಅದರ ಆಮ್ಲ ಮೊದಲೇ ಡಿಎನ್‌ಎಯನ್ನ ಕೆಡಿಸಿರುತ್ತೆ.

ಕಣಜ
ಯಕೃತ್ತಿನಲ್ಲಿ ಎರಡೆರಡು ನ್ಯೂಕ್ಲಿಯಸ್ ಇರೋ ಕೋಶ ಇರುತ್ತಲ್ಲ, ಅದು ಡೈಕ್ಯಾರಿಯಾನ್ ಅನ್ನಬಹುದಾ?

ಸಿಲಿಯಾ
ಬೇಡ. ಅಲ್ಲಿ ಒಂದೊಂದು ನ್ಯೂಕ್ಲಿಯಸ್ಸೂ ಕನಿಷ್ಠ ಡಿಪ್ಲಾಯ್ಡ್, ಕೋಶದ ಲೆಕ್ಕ 2 ಗುಣಿಸು 2ಎನ್. ವಿಭಜನೆಯ ಕೊನೆಯಲ್ಲಿ ಕೋಶರಸ ಹರಿಯದೆ ಉಳಿದದ್ದು ಅದು, ಬೇರೆ ಬೇರೆ ಕಡೆಯಿಂದ ಬಂದು ಸೇರಿದ್ದಲ್ಲ. ಏಕಕೋಶ ಪರಾವಲಂಬಿ ಗಿಯಾರ್ಡಿಯಾದಲ್ಲೂ ಎರಡು ನ್ಯೂಕ್ಲಿಯಸ್, ಎರಡೂ ಡಿಪ್ಲಾಯ್ಡ್. ಫ್ಲೋನಲ್ಲಿ ಇಡೀ ಕೋಶ ಓಡಿಸಿದ್ರೆ ಟೆಟ್ರಾಪ್ಲಾಯ್ಡ್ ಥರ ಬರುತ್ತೆ, ನ್ಯೂಕ್ಲಿಯಸ್ ಬಿಡಿಸಿ ಓಡಿಸಿದ್ರೆ ಅದರ ಅರ್ಧ.

ಜೀನ್‌ಮುದ್ರೆ
ಅದಕ್ಕೇ ಫಲಿತಾಂಶದ ಪಕ್ಕದಲ್ಲಿ ಇಡೀ ಕೋಶ ಅಳೆದಿದ್ದಾ, ಬಿಡಿ ನ್ಯೂಕ್ಲಿಯಸ್ ಅಳೆದಿದ್ದಾ ಅಂತ ಬರೆಯಲೇಬೇಕು. ಫಿಶ್ (ಹೊಳೆಯೋ ಪ್ರೋಬ್‌ನಿಂದ ಕ್ರೋಮೋಸೋಮ್ ಗುರುತಿಸೋ ವಿಧಾನ) ಮಾಡೋರೂ ಗಮನಿಸಿ: ಸೆಂಟ್ರೋಮಿಯರ್ ಪ್ರೋಬ್ ಹಾಕಿ ಎರಡು ಚುಕ್ಕಿ ಬಂದ್ರೆ ಆ ಒಂದು ಕ್ರೋಮೋಸೋಮ್ ಎರಡು ಪ್ರತಿ ಇದೆ ಅಂತಷ್ಟೇ, ಇಡೀ ನ್ಯೂಕ್ಲಿಯಸ್ ಡಿಪ್ಲಾಯ್ಡ್ ಅಂತಲ್ಲ. ಕಡಿಮೆ ಅಂದ್ರೂ ಎರಡು ಮೂರು ಬೇರೆ ಕ್ರೋಮೋಸೋಮ್‌ಗಳ ಪ್ರೋಬ್ ಬೇಕು. ಎರಡು ಸೆಟ್ ಯಾರ್ಯಾರದು ಅಂತ ತಿಳಿಯೋಕೆ ಮೈಕ್ರೋಸ್ಯಾಟಲೈಟ್ (ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗೋ ಪುನರಾವರ್ತಿತ ಡಿಎನ್‌ಎ ತುಣುಕು) ಪರೀಕ್ಷೆ, ಅದಕ್ಕೆ ತಂದೆ ತಾಯಿ ಇಬ್ಬರ ಮಾದರಿ ಇದ್ದರೆ ಒಳ್ಳೇದು. ತಾಯಿಯದು ಮಾತ್ರ ಸಿಕ್ಕರೂ ಆಕೆಯ ಅಲೀಲ್ (ಆ ತುಣುಕಿನ ರೂಪ) ಇಲ್ಲದಿರೋದು ಸ್ಪಷ್ಟವಾಗಿ ಕಾಣುತ್ತೆ.

ಕೋಶಕುತೂಹಲಿ
ಸರಿ, ಈರುಳ್ಳಿ ಸ್ಕ್ವಾಷ್‌ನಿಂದ ಶುರು ಮಾಡ್ತೀನಿ. ಕೋಲ್ಚಿಸಿನ್ ಬಿಟ್ಟು ಹೈಡ್ರಾಕ್ಸಿಕ್ವಿನೋಲಿನ್ ತಗೊಳ್ಳೋ ಯೋಚನೆ. ಅದು ನೀರಲ್ಲಿ ಕರಗುತ್ತಾ?

ಬೇರುತುದಿ
ತಣ್ಣೀರಲ್ಲಿ ಸುಲಭಕ್ಕೆ ಕರಗಲ್ಲ. ಒಂದು ಲೀಟರ್‌ಗೆ 0.29 ಗ್ರಾಂ ಹಾಕಿ 60 ಡಿಗ್ರಿಯಲ್ಲಿ ಕಲಕ್ತಾ ಇರಿ, ಪೂರ್ತಿ ಕರಗಿದ ಮೇಲೆ ಕಂದು ಬಣ್ಣದ ಬಾಟಲಿಯಲ್ಲಿ ಫ್ರಿಜ್‌ಗೆ. ಬೇರು ಹಾಕೋ ಮುಂಚೆ ಹೊರಗಿಟ್ಟು 18 ಡಿಗ್ರಿಗೆ ತನ್ನಿ.